ನಿವ್ವಳ ತೂಕ

ಸುಂಟಿಕೊಪ್ಪದ ಕಾಟಾದಲ್ಲಿ ಹನ್ನೊಂದು ವರ್ಷದಿಂದ
ಲಾರಿಗಳ ತೂಕ ಬರೆಯುತ್ತೇನೆ.
ತುಂಬಿದ್ದು, ಖಾಲಿ, ನಿವ್ವಳ. ಮೂರು ಕಾಲಂ.
ವಸ್ತು ಎಂಬಲ್ಲಿ ಒಂದೇ ಪದಕ್ಕೆ ಜಾಗ.

ಇಳಿಯುವಾಗ ಕಾಫಿ.
ಸಂಪಾಜೆ ಘಾಟಿ ಇಳಿದು, ಬಂದರು ಮುಟ್ಟಿ, ಹಡಗು ಹತ್ತಿ
ನಾನು ಕಾಣದ ಊರುಗಳ ಲೋಟಕ್ಕೆ ಹೋಗುತ್ತದಂತೆ.
ಹತ್ತುವಾಗ ಲಾರಿ ಬಹುಪಾಲು ಖಾಲಿ,
ಒಮ್ಮೊಮ್ಮೆ ಉಪ್ಪು, ಹೆಂಚು, ಒಣಮೀನು.

ಆ ವರ್ಷ ಕೊಯ್ಲು ಮುಗಿದು ಕಾಫಿ ಹೂ ಬಿಡುವ ಹೊತ್ತಿಗೆ
ಮೋನು ಕಿಟಕಿಯಿಂದ ಕೈ ಚಾಚಿದ:
"ಮಣ್ಣು ಅಂತ ಬರೀರಿ ಅಕ್ಕಾ.
ಬಂದರಿನ ಹೂಳು. ಹಡಗಿನ ತಳ ತಾಗುತ್ತೆ ಅಂತ
ಬಗೆದು ರಾಶಿ ಹಾಕಿದ್ದಾರೆ, ಕೇಳಿದವರಿಗೆ ಪುಕ್ಕಟೆ.
ಖಾಲಿ ಬರೋದಕ್ಕಿಂತ ವಾಸಿ."
ಬರೆದೆ. ಮಣ್ಣು. ಎರಡಕ್ಷರ.

ಕಾಡಿಗೆಯಂಥ ಕಪ್ಪು. ಬೆರಳಿಗೆ ಬೆಣ್ಣೆ, ಮೂಗಿಗೆ ಕೊಳೆತ ಮೊಟ್ಟೆ.
ಉತ್ತಯ್ಯನವರ ಕೆಳಗದ್ದೆಗೆ ಸುರಿದರು.
ಏಳು ವರ್ಷ ಬೀಳುಬಿದ್ದ ಗದ್ದೆ,
ಹೋಂಸ್ಟೇ ಕಟ್ಟಲು ಅವರಿಗೆ ಸಮತಟ್ಟು ನೆಲ ಬೇಕಿತ್ತು.
ಮಿಕ್ಕಿದ್ದನ್ನು ಮೆಣಸಿನ ಬಳ್ಳಿಯ ಬುಡಕ್ಕೆ.
ಕಡಲ ಕೆಸರು, ಒಳ್ಳೇ ಸಾರ ಎಂದರು ಯಾರೋ.
ಯಾರೆಂದು ಈಗ ಯಾರೂ ಹೇಳುವುದಿಲ್ಲ.

ಮೊದಲು ಬಂದದ್ದು ದನಗಳು. ನೆಕ್ಕಿದವು, ಉಪ್ಪು.
ಆಮೇಲೆ ಮಕ್ಕಳು.
ಶಂಖದ ಚೂರು ಹೆಕ್ಕಿ ಕಿವಿಗಿಟ್ಟುಕೊಂಡರು,
ಬೆಟ್ಟದ ಮೇಲೆ ಕಡಲು ಕೇಳಿಸಿತಂತೆ.

ನೀರಿನಡಿ ಗಾಳಿಯಿಲ್ಲದೆ ಮಲಗಿದ್ದ ಕೆಸರು
ಬಿಸಿಲು ಗಾಳಿ ತಾಗಿದ್ದೇ ಎದ್ದಿತು.
ಏಪ್ರಿಲಿಗೆ ಕಪ್ಪು ಹೋಗಿ ತುಕ್ಕು,
ಬಿರುಕುಗಳಲ್ಲಿ ಹಳದಿ ಪುಡಿ.
ಮೊದಲ ಮಳೆಗೆ ತೋಡು ಹಿತ್ತಾಳೆ ಬಣ್ಣಕ್ಕೆ ತಿರುಗಿತು,
ಹುಣಸೆ ತೊಳೆದ ನೀರಿನಂತೆ ಹುಳಿ ಹುಳಿ.

ಏಡಿಗಳು ಬಿಲ ಬಿಟ್ಟು ರಸ್ತೆಗೆ ಬಂದವು,
ಹಾಡುಹಗಲು, ಅಡ್ಡಡ್ಡ,
ನನ್ನ ಕಾಟಾದ ಹಲಗೆಯ ಮೇಲೂ ನಡೆದವು.
ಯಂತ್ರ ಸೊನ್ನೆ ತೋರಿಸುತ್ತಲೇ ಇತ್ತು.
ಹತ್ತು ಕಿಲೋಗಿಂತ ಕಡಿಮೆಯದು ಅದರ ಲೆಕ್ಕಕ್ಕಿಲ್ಲ.
ಚೋಮಿ, ಇವತ್ತು ಕೈ ಹಾಕುವ ಕೆಲಸವೇ ಇಲ್ಲ ಎಂದು ನಗುತ್ತಾ
ಬುಟ್ಟಿ ತುಂಬಿಕೊಂಡಳು.
ಬೇಡ ಎನ್ನಲು ನನಗೆ ಏನು ಗೊತ್ತಿತ್ತು?
(ವಾಸನೆ ಗೊತ್ತಿತ್ತು.)

ಮೋನುವಿನ ಭಾವ ಹಡಗಿನ ಹೊಟ್ಟೆ ಹೆರೆಯುವವನು.
ಅಲ್ಲೊಂದು ಬಣ್ಣ ಬಳಿಯುತ್ತಾರಂತೆ,
ಚಿಪ್ಪಾಗಲಿ ಪಾಚಿಯಾಗಲಿ, ಜೀವವಿದ್ದ ಯಾವುದೂ
ಹಡಗಿಗೆ ಅಂಟದಿರಲಿ ಎಂದು.
ಹೆರೆದದ್ದು ಅಲ್ಲೇ ಕೆಳಗೆ ಇಳಿಯುತ್ತದೆ.
ಏನೂ ಅಂಟದಿರಲೆಂದು ಮಾಡಿದ್ದು
ಈಗ ಬಳ್ಳಿಗೆ ಅಂಟಿದೆ, ದನದ ನಾಲಗೆಗೆ, ಚೋಮಿಯ ಸಾರಿಗೆ.
ನಮ್ಮ ಕಾಫಿ ಒಯ್ದ ಹಡಗಿನದೇ ಇದ್ದೀತು.

ಮಡಿಕೇರಿಯಿಂದ ಒಬ್ಬ ಹುಡುಗ ಬಂದು
ಸೀಸೆಗಳಲ್ಲಿ ಕೆಸರು ತುಂಬಿಕೊಂಡು ಹೋದ.
ತಿಂಗಳು ಬಿಟ್ಟು ಬಂದ.
ತಾಮ್ರ, ಸೀಸ, ತವರ, ಎಲ್ಲ ಮಿಲಿಗ್ರಾಂ ಲೆಕ್ಕ.
"ಒಟ್ಟು ಎಷ್ಟು ಲೋಡು?"
ಪುಸ್ತಕ ತೆರೆದೆ. ನೂರ ಹದಿನಾಲ್ಕು.
ಅವನ ಮಿಲಿಗ್ರಾಮನ್ನು ನನ್ನ ಟನ್ನಿಗೆ ಗುಣಿಸಿದ,
ಅಂಗೈ ಮೇಲೆ, ಪೆನ್ನಿನಲ್ಲಿ.
ತಾಮ್ರವೊಂದೇ ಮೂರು ಮೂಟೆ ಮೀರಿತು.

ಮೂರು ಮೂಟೆ!
ಒಟ್ಟಿಗೆ ತಂದಿದ್ದರೆ ಕಾಟಾ ಹೇಳುತ್ತಿತ್ತು.

ತೋಡು ಹೊಳೆಗೆ, ಹೊಳೆ ಕಾವೇರಿಗೆ.
ಪಡುವಣ ಕಡಲ ಹೂಳು ಬೆಟ್ಟ ಹತ್ತಿ
ಮೂಡಣ ಕಡಲಿಗೆ ಹೊರಟಿದೆ.
ನಡುವೆ ಎಷ್ಟು ಊರು, ಎಷ್ಟು ಕೊಡಪಾನ.

ಹಲಗೆಯ ಸಂದಿಗೆ ಉದುರಿದ್ದನ್ನು ಗುಡಿಸಿ
ಕಾಫಿಯ ಹಳೇ ಗೋಣಿಗೆ ತುಂಬಿ ಬಾಗಿಲ ಹಿಂದೆ ಇಟ್ಟಿದ್ದೇನೆ.
ಸುರಿಯೋಣವೆಂದರೆ ಎಲ್ಲೆಲ್ಲೂ ಇಳಿಜಾರು,
ಎಲ್ಲ ಇಳಿಜಾರಿನ ಕೆಳಗೂ ಯಾರದೋ ಬಾವಿ.

ನಿನ್ನೆ ಸಂಜೆ ಯಾರೂ ಇಲ್ಲದಾಗ
ಗೋಣಿ ಹೊತ್ತು ಕಾಟಾದ ಮೇಲೆ ನಿಂತೆ.
ತುಂಬಿದ್ದು ಎಪ್ಪತ್ತು.
ಖಾಲಿ, ಅಂದರೆ ನಾನು, ಐವತ್ತು.
ಚೀಟಿ ಹರಿದಿಟ್ಟಿದ್ದೇನೆ,
ಹೆಸರು ಬರೆದಿಲ್ಲ.